ಆಟಕ್ಕುಂಟು, ಲೆಕ್ಕಕ್ಕಿಲ್ಲ: ವಿದೇಶದಲ್ಲಿ ಇಂಗ್ಲಿಷ್ ಕಲಿಸುವವರ ದುಡಿಮೆ

ನಮ್ಮ ದೇಶದ ಶಿಕ್ಷಕ-ಶಿಕ್ಷಕಿಯರು ಹೊರದೇಶಗಳಿಗೆ ಹೋಗುವುದು ಹೊಸತೇನಲ್ಲ. ಗಲ್ಫ್ ರಾಷ್ಟ್ರಗಳು, ಮಾಲ್ದೀವ್ಸ್, ಭೂತಾನ್ ಮೊದಲಾದೆಡೆಗಳಲ್ಲಿ ಅವರು ಬಹುಕಾಲದಿಂದ ಇಂಗ್ಲಿಷ್ ಮತ್ತಿತರ ವಿಷಯಗಳನ್ನು ಕಲಿಸುತ್ತ ಬಂದಿದ್ದಾರೆ. ಅವರಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಯವರೂ, ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮವರ ಮಕ್ಕಳೂ ಇದ್ದಾರೆ. ಮನೆಯ ಮಗಳಿಗೆ ದುಬಾಯಿಯ ಶಾಲೆಯಲ್ಲಿ ಕೆಲಸ ಸಿಕ್ಕಿತೆಂದರೆ ಸಂಘದ ವಾರ್ಷಿಕೋತ್ಸವದಲ್ಲಿ ಅದೊಂದು ಹೆಮ್ಮೆಯ ಸುದ್ದಿ. ಸಂಬಳ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಗಂಟೆ ಕೆಲಸ, ಅದರಲ್ಲಿ ಎಷ್ಟು ಗಂಟೆಗೆ ಸಂಬಳ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಇದೇ.

ಇಂಗ್ಲಿಷ್ ಕಲಿಸುವುದು ಇಂದು ಶಾಲೆಯ ಕೆಲಸವಾಗಿ ಮಾತ್ರ ಉಳಿದಿಲ್ಲ, ಅದೊಂದು ದೊಡ್ಡ ವ್ಯಾಪಾರ. ಜಪಾನಿನಲ್ಲಿ ಸಂಭಾಷಣೆಯ ಇಂಗ್ಲಿಷ್ ಕಲಿಸುವ ಖಾಸಗಿ ಶಾಲೆಗಳಿಗೆ ‘ಏಕಾಯ್ವಾ’ ಎನ್ನುತ್ತಾರೆ. ದಕ್ಷಿಣ ಕೊರಿಯದಲ್ಲಿ ಮಕ್ಕಳು ಶಾಲೆ ಬಿಟ್ಟ ಮೇಲೆ ಹೋಗುವ ಕೋಚಿಂಗ್ ಕ್ಲಾಸುಗಳಿಗೆ ‘ಹಾಗ್ವೊನ್’ ಎಂದು ಹೆಸರು. ನಮ್ಮ ದಾದರ್, ಅಂಧೇರಿಗಳ ಕ್ಲಾಸುಗಳಂತೆಯೇ ಅವು ಸಂಜೆ ಕಳೆಗಟ್ಟುತ್ತವೆ. ಕೊರಿಯದಲ್ಲಿ ಇಂಗ್ಲಿಷ್ ಶಿಕ್ಷಕರ ವೀಸಾ ಮೊದಲು ಅಮೆರಿಕ, ಬ್ರಿಟನ್ ಮುಂತಾದ ಏಳು ಇಂಗ್ಲಿಷ್ ಭಾಷಿಕ ದೇಶಗಳ ಪ್ರಜೆಗಳಿಗೇ ಮೀಸಲಾಗಿತ್ತು. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ-ಕೊರಿಯ ಆರ್ಥಿಕ ಒಪ್ಪಂದದಲ್ಲಿ ಭಾರತೀಯರಿಗೂ ಸಹಾಯಕ ಇಂಗ್ಲಿಷ್ ಶಿಕ್ಷಕರಾಗುವ ಬಾಗಿಲು ತೆರೆಯಿತು. ಆದುದರಿಂದ ಅಲ್ಲಿಯ ಶಿಕ್ಷಕರ ಅನುಭವ ನಮಗೆ ದೂರದ ಸುದ್ದಿಯಲ್ಲ.

ಈ ಉದ್ಯೋಗದ ಹಳೆಯ ಕಾಯಿಲೆ ಎಂದರೆ ಲೆಕ್ಕಕ್ಕೆ ಬಾರದ ಗಂಟೆಗಳು. ಕರಾರುಪತ್ರದಲ್ಲಿ ಬರೆಯುವುದು ‘ಪಾಠದ ಗಂಟೆ’, ದುಡಿಸುವುದು ‘ಶಾಲೆಯ ಗಂಟೆ’. ಪಾಠಕ್ಕೆ ಮುಂಚಿನ ತಯಾರಿ, ಪುಸ್ತಕ ತಿದ್ದುವುದು, ಪ್ರಗತಿ ವರದಿ ಬರೆಯುವುದು, ಹೆತ್ತವರಿಗೆ ಫೋನ್ ಮಾಡುವುದು, ಎರಡು ಪಾಠಗಳ ನಡುವೆ ಕಾದು ಕೂರುವುದು, ಹೊಸ ಮಕ್ಕಳನ್ನು ಸೆಳೆಯಲು ಶನಿವಾರ ನಡೆಸುವ ಮಾದರಿ ಪಾಠ, ಕ್ರಿಸ್‌ಮಸ್ ಸಮಾರಂಭ ಇವೆಲ್ಲ ಕೆಲಸಗಳೇ. ಮಾಡದಿದ್ದರೆ ಮೇಲಿನವರ ಮುಖ ಗಂಟಿಕ್ಕುತ್ತದೆ, ಮಾಡಿದರೆ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಸರಿ.

ಒಂದು ಉದಾಹರಣೆಯ ಲೆಕ್ಕ ಹಾಕೋಣ. ವಾರಕ್ಕೆ 30 ಪಾಠ, ಪಾಠಕ್ಕೆ 45 ನಿಮಿಷ, ಪಾಠದ ಗಂಟೆಗೆ ಮಾತ್ರ ಸಂಬಳ ಎಂದಿರಲಿ. ಒಟ್ಟು 22 ಗಂಟೆ 30 ನಿಮಿಷ. ಎಷ್ಟು ಹಗುರ ಕೆಲಸ ಎನ್ನಿಸುತ್ತದೆ! ಈಗ ಪ್ರತಿ ಪಾಠಕ್ಕೆ 10 ನಿಮಿಷದ ತಯಾರಿ ಸೇರಿಸಿ, 5 ಗಂಟೆ. ಪಾಠಗಳ ನಡುವೆ ಕೊಠಡಿ ಬದಲಿಸಿ ಕಾಯುವ 10 ನಿಮಿಷ, ಇನ್ನೊಂದು 5 ಗಂಟೆ. ದಿನಕ್ಕೆ ಮುಕ್ಕಾಲು ಗಂಟೆ ಪುಸ್ತಕ ತಿದ್ದಿದರೆ ಐದು ದಿನಕ್ಕೆ 3 ಗಂಟೆ 45 ನಿಮಿಷ. ಶನಿವಾರ ಹೆತ್ತವರ ಸಭೆಗೆ 3 ಗಂಟೆ. ಒಟ್ಟು 39 ಗಂಟೆ 15 ನಿಮಿಷವಾಯಿತು. ಗಂಟೆಗೆ 100 ರೂಪಾಯಿ ಎಂದು ನಂಬಿ ಹೋದವರಿಗೆ ನಿಜವಾಗಿ ಸಿಕ್ಕಿದ್ದು ಗಂಟೆಗೆ 57 ರೂಪಾಯಿ. ವಾರಕ್ಕೆ 16 ಗಂಟೆ 45 ನಿಮಿಷ ಪುಕ್ಕಟೆ. 48 ವಾರಕ್ಕೆ 804 ಗಂಟೆ. ದಿನಕ್ಕೆ 8 ಗಂಟೆಯಂತೆ ಭಾಗಿಸಿದರೆ ವರ್ಷಕ್ಕೆ ನೂರು ದಿನದ ಬಿಟ್ಟಿ ದುಡಿಮೆ!

ಗಂಟೆಗಳನ್ನು ಹೀಗೆ ಕಡಿಮೆ ತೋರಿಸುವುದರಲ್ಲಿ ಇನ್ನೊಂದು ಲಾಭವೂ ಇದೆ. ಜಪಾನಿನಲ್ಲಿ ಸರಕಾರಿ ಶಾಲೆಗಳಿಗೆ ಸಹಾಯಕ ಇಂಗ್ಲಿಷ್ ಶಿಕ್ಷಕರನ್ನು ಒದಗಿಸುವ ಖಾಸಗಿ ಏಜೆನ್ಸಿಗಳ ಕರಾರುಗಳಲ್ಲಿ ‘ವಾರಕ್ಕೆ 29.5 ಗಂಟೆ’ ಎಂಬ ವಿಚಿತ್ರ ಸಂಖ್ಯೆ ಪ್ರಸಿದ್ಧವಾಗಿತ್ತು. ಪೂರ್ಣಾವಧಿ ನೌಕರನ ಮುಕ್ಕಾಲು ಪಾಲು, ಅಂದರೆ ಸುಮಾರು 30 ಗಂಟೆ ದುಡಿದರೆ ಆರೋಗ್ಯ ವಿಮೆ, ಪಿಂಚಣಿಗಳಲ್ಲಿ ಮಾಲಕರೂ ಪಾಲು ಕೊಡಬೇಕಾಗಿತ್ತು. ಅರ್ಧ ಗಂಟೆ ಕಡಿಮೆ ಬರೆದರೆ ಆ ಖರ್ಚು ಉಳಿಯಿತು. ಶಿಕ್ಷಕರು ಬೆಳಗ್ಗಿನಿಂದ ಸಂಜೆಯವರೆಗೆ ಶಾಲೆಯಲ್ಲೇ ಇದ್ದರೂ ಕಾಗದದ ಮೇಲೆ ಅರೆಕಾಲಿಕರು. ಜಪಾನ್ ಸರಕಾರ ಈ ಮಿತಿಯನ್ನು 2016ರ ಅಕ್ಟೋಬರದಿಂದ ದೊಡ್ಡ ಸಂಸ್ಥೆಗಳಿಗೆ ವಾರಕ್ಕೆ 20 ಗಂಟೆಗೆ ಇಳಿಸಿತು. 2024ರ ಅಕ್ಟೋಬರದಲ್ಲಿ 51 ನೌಕರರಿರುವ ಸಂಸ್ಥೆಗಳವರೆಗೂ ಅದನ್ನು ವಿಸ್ತರಿಸಿತು. ಅರ್ಧ ಗಂಟೆಯ ಈ ಕೈಚಳಕಕ್ಕೆ ಕಡಿವಾಣ ಬೀಳಲು ಇಷ್ಟು ವರ್ಷ ಬೇಕಾಯಿತು.

ಕೊರಿಯದಲ್ಲಿ ಬೇರೆ ಬಗೆ. ಅಲ್ಲಿಯ ಕಾರ್ಮಿಕ ಕಾನೂನಿನಂತೆ ನಿಗದಿತ ಅವಧಿಗಿಂತ ಹೆಚ್ಚು ದುಡಿಸಿದರೆ ಒಂದೂವರೆ ಪಟ್ಟು ಸಂಬಳ ಕೊಡಬೇಕು. ಆದರೆ ಐವರಿಗಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಈ ಹೆಚ್ಚುವರಿ ದರ ಅನ್ವಯಿಸುವುದಿಲ್ಲ. ಸಣ್ಣ ಹಾಗ್ವೊನ್ ಸೇರುವವರು ಇದನ್ನು ಮೊದಲೇ ತಿಳಿದಿರಬೇಕು. ಒಂದು ವರ್ಷ ಪೂರೈಸಿದವರಿಗೆ ಒಂದು ತಿಂಗಳ ಸಂಬಳದಷ್ಟು ನಿವೃತ್ತಿ ಹಣ ಸಲ್ಲಬೇಕೆಂಬ ನಿಯಮವಿದೆ. ಅದನ್ನು ತಪ್ಪಿಸಲು ಹನ್ನೊಂದನೆಯ ತಿಂಗಳಲ್ಲಿ ಕೆಲಸದಿಂದ ತೆಗೆಯುವ ಮಾಲಕರೂ ಇದ್ದಾರೆ. ಇನ್ನು ಕೆಲವರು ಶಿಕ್ಷಕರನ್ನು ನೌಕರರೆಂದೇ ಬರೆಯದೆ ಸ್ವತಂತ್ರ ವೃತ್ತಿಯವರೆಂದು ತೋರಿಸಿ ಶೇ. 3.3 ತೆರಿಗೆ ಮುರಿದುಕೊಂಡು ಕೈತೊಳೆದುಕೊಳ್ಳುತ್ತಾರೆ. ನೌಕರನಲ್ಲ ಎಂದಾದ ಮೇಲೆ ಓವರ್‌ಟೈಮ್ ಎಲ್ಲಿಯದು, ನಿವೃತ್ತಿ ಹಣ ಎಲ್ಲಿಯದು?

ಥಾಯ್ಲೆಂಡಿನಲ್ಲಂತೂ ಕಾಯ್ದೆಯೇ ಶಿಕ್ಷಕರನ್ನು ಹೊರಗಿಟ್ಟಿದೆ. ಖಾಸಗಿ ಶಾಲೆಗಳ ಶಿಕ್ಷಕರು ಅಲ್ಲಿಯ ಸಾಮಾನ್ಯ ಕಾರ್ಮಿಕ ರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಕೂಲಿಕಾರನಿಗೆ ಇರುವ ಓವರ್‌ಟೈಮ್ ನಿಯಮ ಗುರುವಿಗಿಲ್ಲ. ಇದನ್ನು ಓದಿ ನಾವು ಮೂಗುಮುರಿಯಬೇಕಾಗಿಲ್ಲ. 1988ರಲ್ಲಿ ಗೋವಾದ ಶಿಕ್ಷಕಿ ಸುಂದರಾಂಬಾಳ್ ಅವರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೈಗಾರಿಕಾ ವಿವಾದ ಕಾಯ್ದೆಯಂತೆ ಶಿಕ್ಷಕರು ‘ಕಾರ್ಮಿಕ’ರಲ್ಲ ಎಂದು ತೀರ್ಪು ನೀಡಿತ್ತು. ಗ್ರಾಚ್ಯುಯಿಟಿಯ ವಿಷಯದಲ್ಲೂ ಹೀಗೆಯೇ ಆಯಿತು. 2004ರ ತೀರ್ಪಿನಲ್ಲಿ ಶಿಕ್ಷಕರಿಗೆ ಅದು ಸಲ್ಲುವುದಿಲ್ಲ ಎಂದಾದಾಗ, 2009ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು 1997ರಿಂದ ಅನ್ವಯವಾಗುವಂತೆ ಅದನ್ನು ದೊರಕಿಸಿಕೊಟ್ಟಿತು. ಖಾಸಗಿ ಶಾಲೆಗಳು ಮತ್ತೆ ಕೋರ್ಟಿಗೆ ಹೋದವು. 2022ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಬಾಯಲ್ಲಿ ಗುರುದೇವೋ ಭವ, ಕೈಯಲ್ಲಿ ಖಾಲಿ ಲಕೋಟೆ. ಈ ವಿಪರ್ಯಾಸಕ್ಕೆ ದೇಶದ ಗಡಿ ಇಲ್ಲ.

ನಮ್ಮವರು ಹೆಚ್ಚಾಗಿ ಹೋಗುವ ಗಲ್ಫಿನ ಸಂಗತಿ ನೋಡೋಣ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಕಾರ್ಮಿಕ ಕಾಯ್ದೆಯಂತೆ ಖಾಸಗಿ ವಲಯದಲ್ಲಿ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯಿದೆ. ಮೀರಿದ ಗಂಟೆಗೆ ಮೂಲ ವೇತನದ ಮೇಲೆ ಶೇ. 25 ಹೆಚ್ಚು ಕೊಡಬೇಕು. ‘ಮೂಲ ವೇತನ’ ಎಂಬ ಎರಡು ಶಬ್ದಗಳನ್ನು ಗಮನಿಸಬೇಕು. ಕರಾರಿನಲ್ಲಿ ಮೂಲ ವೇತನ ಕಡಿಮೆ ಬರೆದು ಭತ್ಯೆಗಳನ್ನು ಹೆಚ್ಚಿಸಿದರೆ ಒಟ್ಟು ಸಂಬಳ ಅಷ್ಟೇ ಕಾಣುತ್ತದೆ, ಓವರ್‌ಟೈಮ್ ಮಾತ್ರ ಕುಗ್ಗುತ್ತದೆ. ನೌಕರಿ ಸೇರಿಸಲು ನೌಕರರಿಂದ ಹಣ ವಸೂಲಿ ಮಾಡಬಾರದೆಂದೂ ಅದೇ ಕಾಯ್ದೆ ಹೇಳುತ್ತದೆ. ಆದರೆ ಸಾಲ ಮಾಡಿ ವಿಮಾನ ಹತ್ತಿದವರು, ವೀಸಾ ಮಾಲಕನ ಹೆಸರಿನೊಂದಿಗೆ ಬೆಸೆದುಕೊಂಡಿರುವಾಗ, ಕಾಯ್ದೆಯ ಪುಸ್ತಕ ಬಿಚ್ಚಿ ಮಾತಾಡುವುದು ಸುಲಭವಲ್ಲ. ಅವರ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ಅನ್ಯಾಯ.

ಮಾಲಕರ ವಾದವನ್ನೂ ಕೇಳಬೇಕು. ತಯಾರಿಯಿಲ್ಲದ ಶಿಕ್ಷಕ ಶಿಕ್ಷಕನೇ ಅಲ್ಲ, ಅದು ವೃತ್ತಿಯ ಭಾಗ ಎನ್ನುತ್ತಾರೆ. ನಿಜ. ವಾರಕ್ಕೆ 40 ಗಂಟೆಯ ತಿಂಗಳ ಸಂಬಳ ಕೊಟ್ಟು, ಆ 40 ಗಂಟೆಯೊಳಗೆ ತಯಾರಿ, ತಿದ್ದುವಿಕೆ ಎಲ್ಲ ಮುಗಿಯುವಂತಿದ್ದರೆ ಯಾರಿಗೂ ತಕರಾರಿಲ್ಲ. ವೃತ್ತಿಯ ಭಾಗವಾದರೆ ಸಂಬಳದ ಭಾಗವೂ ಆಗಬೇಕಷ್ಟೇ. ಮಕ್ಕಳ ಹೆತ್ತವರಿಂದ ಶುಲ್ಕ ಪಡೆಯುವಾಗ ಪ್ರಗತಿ ವರದಿ, ವೈಯಕ್ತಿಕ ಗಮನ, ಶನಿವಾರದ ಸಭೆ ಎಲ್ಲವನ್ನೂ ಜಾಹೀರಾತಿನಲ್ಲಿ ಹಾಕಿ ಮಾರುವ ಸಂಸ್ಥೆ, ಅದನ್ನೆಲ್ಲ ಮಾಡುವವರಿಗೆ ಹಣ ಕೊಡುವಾಗ ಮಾತ್ರ ಇದು ಸೇವೆ ಎನ್ನುವುದು ಸರಿಯಲ್ಲ.

ಸೇವೆ ಎಂದರೇನೆಂದು ಮುಂಬಯಿ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಗಲು ಹೊಟೇಲಿನಲ್ಲಿ ದುಡಿದ ಹುಡುಗರು ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತು ಕಲಿತು ಮೇಲೆ ಬಂದ ಊರಿದು. ಹಗಲಿನ ನೌಕರಿ ಮುಗಿಸಿ ಆ ಹುಡುಗರಿಗಾಗಿ ರಾತ್ರಿ ಪಾಠ ಹೇಳಿದವರ ಋಣ ಈ ಸಮಾಜದ ಮೇಲಿದೆ. ಅವರು ತಮ್ಮ ಸಮಯವನ್ನು ತಾವಾಗಿ ಕೊಟ್ಟರು, ಆ ಸಮಯದಿಂದ ಯಾರೂ ಲಾಭ ಎಣಿಸಲಿಲ್ಲ. ಲಾಭಕ್ಕಾಗಿ ನಡೆಯುವ ಸಂಸ್ಥೆ ನೌಕರನ ಕೆಲಸದ ಭಯವನ್ನು ಬಳಸಿ ತೆಗೆದುಕೊಳ್ಳುವ ಗಂಟೆ ಸೇವೆಯಲ್ಲ. ಕೊಟ್ಟದ್ದಕ್ಕೂ ಕಸಿದದ್ದಕ್ಕೂ ಇರುವ ವ್ಯತ್ಯಾಸ ಅದು.

ಇಂತಹ ಸಂಸ್ಥೆಗಳ ಮೇಲೆ ಕಣ್ಣುಮುಚ್ಚಿ ನಂಬಿಕೆಯಿಟ್ಟರೆ ಏನಾಗುತ್ತದೆಂಬುದಕ್ಕೆ ಜಪಾನಿನ ನೋವಾ ಸಂಸ್ಥೆಯೇ ಸಾಕ್ಷಿ. ಆ ದೇಶದ ಅತಿದೊಡ್ಡ ಇಂಗ್ಲಿಷ್ ಶಾಲಾ ಜಾಲವಾಗಿದ್ದ ಅದು ಸಂಬಳ ಬಾಕಿ ಉಳಿಸಿಕೊಂಡು 2007ರ ಅಕ್ಟೋಬರ 26ರಂದು ಕೋರ್ಟಿನ ರಕ್ಷಣೆ ಕೋರಿತು. ಸುಮಾರು 4000 ವಿದೇಶಿ ಶಿಕ್ಷಕರು ಬೀದಿಪಾಲಾದರು. ಸಂಬಳದಿಂದ ಮನೆಬಾಡಿಗೆ ಮುರಿದುಕೊಂಡಿದ್ದ ಸಂಸ್ಥೆ ಮನೆಮಾಲಕರಿಗೆ ಅದನ್ನು ಕಟ್ಟದ ಕಾರಣ ಕೆಲವರಿಗೆ ಮನೆ ಖಾಲಿ ಮಾಡುವ ನೋಟೀಸು ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಬರ್ಲಿಟ್ಜ್ ಜಪಾನ್ ಸಂಸ್ಥೆಯ ಶಿಕ್ಷಕರು ಸಂಬಳ ಏರಿಕೆಗಾಗಿ ಮುಷ್ಕರ ಆರಂಭಿಸಿದರು. ಸಂಸ್ಥೆ ಅವರ ಯೂನಿಯನ್ ಮೇಲೆಯೇ ನಷ್ಟಪರಿಹಾರದ ದಾವೆ ಹೂಡಿತು. 2012ರ ಫೆಬ್ರವರಿಯಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಆ ದಾವೆಯನ್ನು ತಳ್ಳಿಹಾಕಿತು. ಪರದೇಶಿಗಳಾದರೂ ಒಗ್ಗಟ್ಟಾಗಿ ನಿಂತರೆ ಕಾನೂನು ಅವರ ಪರವೂ ನಿಲ್ಲುತ್ತದೆ ಎಂಬುದು ಇದರ ಪಾಠ. ನಮ್ಮಲ್ಲಿ ಬ್ಯಾಂಕ್ ಗುಮಾಸ್ತರಿಗೆ ಓವರ್‌ಟೈಮ್ ದೊರೆತದ್ದೂ ಯಾರ ಕೃಪೆಯಿಂದಲೂ ಅಲ್ಲ. ಶಾಸ್ತ್ರಿ ಅವಾರ್ಡ್, ದೇಸಾಯಿ ಅವಾರ್ಡ್, ಆ ಮೇಲೆ 1966ರ ಮೊದಲ ದ್ವಿಪಕ್ಷೀಯ ಒಪ್ಪಂದ ಎಂದು ಯೂನಿಯನ್ನುಗಳು ಹೆಜ್ಜೆ ಹೆಜ್ಜೆಗೂ ಹೋರಾಡಿದ ದಾರಿಯದು.

ನಮ್ಮ ಸರಕಾರದ ವ್ಯವಸ್ಥೆಯಲ್ಲಿಯೂ ಒಂದು ಲೋಪ ಕಾಣುತ್ತದೆ. ಹತ್ತನೆಯ ತರಗತಿ ಪಾಸಾಗದ ಕಾರ್ಮಿಕ ಗಲ್ಫಿನಂಥ ನಿಗದಿತ ದೇಶಗಳಿಗೆ ದುಡಿಯಲು ಹೋಗುವಾಗ ಆತನ ಕರಾರನ್ನು ನೋಡಿ ವಲಸೆ ಅನುಮತಿ ಕೊಡುವ ಅಧಿಕಾರಿಯಿದ್ದಾರೆ. ಪದವೀಧರ ಶಿಕ್ಷಕಿಗೆ ಆ ಅನುಮತಿ ಬೇಡ. ಓದಿದವರು ತಾವೇ ನೋಡಿಕೊಳ್ಳುತ್ತಾರೆ ಎಂಬ ಭಾವನೆ. ಓದಿದವರೂ ಕರಾರು ಓದುವುದಿಲ್ಲ ಎಂಬುದೇ ವಾಸ್ತವ.

ಆದುದರಿಂದ ಹೊರಡುವ ಮೊದಲು ಕೆಲವು ಸಂಗತಿ ಖಚಿತಪಡಿಸಿಕೊಳ್ಳಲೇಬೇಕು. ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿದವರೇ ಎಂಬುದನ್ನು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಬಹುದು. ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಾತ್ರ. ಕರಾರಿನಲ್ಲಿ ಪಾಠದ ಗಂಟೆ, ಶಾಲೆಯಲ್ಲಿರಬೇಕಾದ ಗಂಟೆ ಎರಡೂ ಬೇರೆ ಬೇರೆ ನಮೂದಾಗಿರಬೇಕು. ಮೂಲ ವೇತನ ಎಷ್ಟು, ಹೆಚ್ಚುವರಿ ಗಂಟೆಯ ದರ ಎಷ್ಟು, ಶನಿವಾರದ ಕೆಲಸ ಯಾವ ಲೆಕ್ಕ ಎಂದು ಬರಹದಲ್ಲಿರಬೇಕು. ಬಾಯಿಮಾತಿನ ಭರವಸೆಗೆ ಕೋರ್ಟಿನಲ್ಲಿ ಬೆಲೆ ಕಡಿಮೆ. ಅಲ್ಲಿ ಹೋದ ಮೇಲೆ ಪ್ರತಿದಿನ ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ ಇಷ್ಟನ್ನು ಒಂದು ಸಣ್ಣ ಡೈರಿಯಲ್ಲಿ ತಪ್ಪದೆ ಬರೆದಿಡಬೇಕು. ಜಪಾನ್, ಕೊರಿಯ ಎರಡೂ ಕಡೆ ಬಾಕಿ ಸಂಬಳವನ್ನು ಮೂರು ವರ್ಷಗಳವರೆಗೆ ಕೇಳುವ ಅವಕಾಶವಿದೆ. ದಾಖಲೆ ಇದ್ದವರು ಮಾತ್ರ ಅದರ ಪ್ರಯೋಜನ ಪಡೆಯಬಲ್ಲರು. ತೊಂದರೆಯಾದರೆ ಭಾರತೀಯ ರಾಯಭಾರಿ ಕಚೇರಿಗೆ ದೂರು ಮುಟ್ಟಿಸಲು 2015ರಲ್ಲಿ ಆರಂಭವಾದ ‘ಮದದ್’ ವ್ಯವಸ್ಥೆಯಿದೆ.

ನಮ್ಮ ಸಂಘ-ಸಂಸ್ಥೆಗಳೂ ಈ ದಿಸೆಯಲ್ಲಿ ಯೋಚಿಸಬೇಕು. ವಿದ್ಯಾರ್ಥಿವೇತನ, ಸನ್ಮಾನ, ಆರೋಗ್ಯ ಶಿಬಿರಗಳನ್ನು ನಾವು ಚೆನ್ನಾಗಿ ನಡೆಸುತ್ತೇವೆ. ಅದರ ಜೊತೆಗೆ ತಿಂಗಳಿಗೊಂದು ಭಾನುವಾರ, ವಿದೇಶಕ್ಕೆ ಹೊರಟವರ ಕರಾರುಪತ್ರವನ್ನು ಓದಿ ಹೇಳುವ ಏರ್ಪಾಡು ಮಾಡಿದರೆ ಖರ್ಚೇನೂ ಇಲ್ಲ. ನಮ್ಮಲ್ಲಿ ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಗಲ್ಫಿನಲ್ಲಿ ದುಡಿದು ಮರಳಿದ ಹಿರಿಯರಿದ್ದಾರೆ. ಅವರ ಅರ್ಧ ಗಂಟೆ ಒಬ್ಬ ಹುಡುಗಿಯ ನೂರು ದಿನವನ್ನು ಉಳಿಸಬಲ್ಲುದು.

ಮನೆಯವರಿಗೂ ಒಂದು ಮಾತು. ದೂರದಿಂದ ಮಗಳು ಫೋನಿನಲ್ಲಿ ‘ಅಮ್ಮಾ, ತುಂಬ ಕೆಲಸ, ಹೆಚ್ಚಿಗೆ ಏನೂ ಕೊಡುವುದಿಲ್ಲ’ ಎಂದಾಗ ‘ಸ್ವಲ್ಪ ಎಡ್ಜಸ್ಟ್ ಮಾಡಿಕೋ’ ಎಂದು ಹೇಳುವುದು ನಮ್ಮ ಅಭ್ಯಾಸ. ಹೊಂದಿಕೊಳ್ಳುವುದು ಒಳ್ಳೆಯ ಗುಣ, ಆದರೆ ದುಡಿದ ಗಂಟೆಯ ಲೆಕ್ಕ ಕೇಳುವುದು ಕೆಟ್ಟ ಗುಣವಲ್ಲ. ಮಕ್ಕಳಿಗೆ ಪ್ರಾಮಾಣಿಕವಾಗಿ ದುಡಿಯಲು ಕಲಿಸಿದ ನಾವು, ದುಡಿದದ್ದನ್ನು ಧೈರ್ಯವಾಗಿ ಕೇಳಲೂ ಕಲಿಸಬೇಕು. ಕೇಳುವ ಧೈರ್ಯ ಬರುವುದು ಬೆನ್ನ ಹಿಂದೆ ನಮ್ಮವರಿದ್ದಾರೆ ಎಂಬ ಭರವಸೆಯಿಂದ. ಆ ಭರವಸೆ ಕೊಡುವುದು ನಮ್ಮೆಲ್ಲರ ಕರ್ತವ್ಯ.