ಕುದುರೆಯ ತೊಗಲು, ಯಂತ್ರದ ಸವಾರಿ

ಮೋಟಾರು ಸೈಕಲ್ಲಿನ ಸವಾರನು ತೊಡುವ ಕರಿಯ ತೊಗಲಂಗಿಯನ್ನು ಚಲಚ್ಚಿತ್ರಗಳಲ್ಲಿ ಮಾತ್ರ ಕಂಡವರು ಅದನ್ನು ಪುಂಡರ ಉಡುಪೆಂದೇ ಬಗೆಯುವುದುಂಟು. ಈ ಅಪಕೀರ್ತಿಗೆ ಬಹುಮಟ್ಟಿಗೆ ಕಾರಣವಾದುದು 1953ರಲ್ಲಿ ತೆರೆಕಂಡ ‘ದಿ ವೈಲ್ಡ್ ಒನ್’ ಎಂಬ ಅಮೆರಿಕದ ಚಿತ್ರ. ಅದರಲ್ಲಿ ಮಾರ್ಲನ್ ಬ್ರಾಂಡೊ ಓರೆಯಾದ ಜಿಪ್ಪಿನ ಅಂಗಿ ತೊಟ್ಟು, ಸವಾರರ ತಂಡದ ನಾಯಕನಾಗಿ ಸಣ್ಣ ಊರೊಂದಕ್ಕೆ ನುಗ್ಗುತ್ತಾನೆ. ಇಂಗ್ಲೆಂಡಿನ ಚಿತ್ರ ಪರಿಶೀಲನ ಮಂಡಲಿಯು 1967ರವರೆಗೆ ಆ ಚಿತ್ರಕ್ಕೆ ಒಪ್ಪಿಗೆಯನ್ನೇ ಕೊಡಲಿಲ್ಲ. ಚಿತ್ರದ ಯೋಗ್ಯತೆ ಏನೇ ಇರಲಿ, ಅಂಗಿಯ ತಲೆಗೆ ಅದು ಕಟ್ಟಿದ ದೋಷ ಮಾತ್ರ ಅನ್ಯಾಯದ್ದು. ಬ್ರಾಂಡೊ ತೊಡುವುದಕ್ಕೆ ಕಾಲು ಶತಮಾನ ಮುಂಚೆಯೇ ಆ ಅಂಗಿ ಹುಟ್ಟಿತ್ತು. ಅದರ ಒಂದೊಂದು ಗುಂಡಿಗೂ ಒಂದೊಂದು ಕಾರಣ ಉಂಟು.

1913ರಲ್ಲಿ ನ್ಯೂಯಾರ್ಕಿನಲ್ಲಿ ಶಾಟ್ ಸೋದರರು ಉಡುಪಿನ ವ್ಯಾಪಾರ ಆರಂಭಿಸಿದರು. ಅವರಲ್ಲಿ ಒಬ್ಬನಾದ ಅರ್ವಿಂಗ್ ಶಾಟ್ 1928ರಲ್ಲಿ ಮೋಟಾರು ಸೈಕಲ್ ಸವಾರರಿಗೆಂದು ಒಂದು ಅಂಗಿಯನ್ನು ಯೋಜಿಸಿ, ತನಗೆ ಪ್ರಿಯವಾಗಿದ್ದ ಚುಟ್ಟದ ಹೆಸರನ್ನೇ ಅದಕ್ಕಿಟ್ಟು ‘ಪರ್ಫೆಕ್ಟೊ’ ಎಂದು ಕರೆದ. ಬೆಲೆ ಐದೂವರೆ ಡಾಲರು. ಅದರ ಜಿಪ್ಪು ನಡುವೆ ನೇರವಾಗಿ ಇಳಿಯದೆ ಒಂದು ಮಗ್ಗುಲಿಗೆ ಓರೆಯಾಗಿ ಸಾಗುತ್ತದೆ. ಹೀಗಾಗಿ ಎದೆಯ ಮೇಲೆ ತೊಗಲು ಎರಡು ಪದರವಾಗಿ ಕೂಡಿಕೊಂಡು, ಎದುರುಗಾಳಿ ಒಳನುಗ್ಗದಂತೆ ತಡೆಯುತ್ತದೆ. ಸವಾರ ಮುಂದಕ್ಕೆ ಬಾಗಿದಾಗ ಜಿಪ್ಪಿನ ಹಲ್ಲು ಹೊಟ್ಟೆಗೆ ಒತ್ತುವುದೂ ಇಲ್ಲ. ಕಾಲರಿನ ತುದಿಗಳು ವೇಗದ ಗಾಳಿಗೆ ಹಾರಿ ಮುಖಕ್ಕೆ ಬಡಿಯಬಾರದೆಂದು ಅವಕ್ಕೆ ಒತ್ತುಗುಂಡಿ. ಗಾಳಿ ತೋಳಿನೊಳಕ್ಕೆ ಏರಬಾರದೆಂದು ಮಣಿಕಟ್ಟಿಗೂ ಜಿಪ್ಪು. ಮುಂದೆ ಶೋಕಿಯ ಗುರುತಾದ ಅಲಂಕಾರವೆಲ್ಲ ಮೊದಲು ಹೀಗೆ ಪ್ರಯೋಜನಕ್ಕೆಂದೇ ಬಂದುದು.

ಆ ಕಾಲದ ಅಮೆರಿಕದಲ್ಲಿ ಇಂಥ ಅಂಗಿಗಳಿಗೆ ಹೆಚ್ಚು ಮೆಚ್ಚುಗೆಯಾಗಿದ್ದುದು ಕುದುರೆಯ ತೊಗಲು. ನಾರು ದಟ್ಟ, ಮೈ ನುಣುಪು, ಹಿಗ್ಗುವುದು ಕಡಿಮೆ. ಮೇಲಾಗಿ ಅದು ಬೇಕಾದಷ್ಟು ಸಿಗುತ್ತಿತ್ತು. 1915ರ ಸುಮಾರಿಗೆ ಆ ದೇಶದಲ್ಲಿ ಕುದುರೆ ಹಾಗೂ ಹೇಸರಗತ್ತೆಗಳ ಸಂಖ್ಯೆ ಎರಡೂವರೆ ಕೋಟಿಯನ್ನು ಮೀರಿತ್ತು. ಹೊಲ ಉಳುವುದು, ಹಾಲಿನ ಬಂಡಿ ಎಳೆಯುವುದು, ಊರಿನ ಸಾಮಾನು ಸಾಗಿಸುವುದು, ಎಲ್ಲವೂ ಅವುಗಳದೇ ಕೆಲಸ. ಆಮೇಲೆ ಹೊಲಕ್ಕೆ ಟ್ರ್ಯಾಕ್ಟರು, ಬೀದಿಗೆ ಲಾರಿ ಬಂದವು. 1960ರ ವೇಳೆಗೆ ಉಳಿದವು ಸುಮಾರು 30 ಲಕ್ಷ. ಕುದುರೆಯ ತೊಗಲನ್ನು ತೊಟ್ಟು ಸವಾರನು ನಡೆಸುತ್ತಿದ್ದ ಯಂತ್ರ ಯಾವುದೋ, ಅದರ ಬಂಧುಗಳೇ ಕುದುರೆಯನ್ನು ಲಾಯದಿಂದ ಹೊರಡಿಸಿದವು! ಕುದುರೆ ಹೋದ ಬಳಿಕ ಅದರ ತೊಗಲೂ ದುರ್ಲಭವಾಯಿತು. ಅಂಗಿಯವರು ದನದ ತೊಗಲಿಗೆ ತಿರುಗಿದರು. ಇಂದು ಕುದುರೆಯ ತೊಗಲು ಅಪರೂಪದ ಸರಕು. ಜಪಾನಿನ ಹಿಮೇಜಿ ಪಟ್ಟಣದಲ್ಲಿ ಹದಮಾಡಿದ ಕುದುರೆಯ ಚರ್ಮಕ್ಕೆ ಹಳೆಯ ಮಾದರಿಯ ಅಂಗಿಗಳನ್ನು ಬಯಸುವವರು ದುಬಾರಿ ಬೆಲೆ ತೆರುತ್ತಾರೆ. ಅದರಲ್ಲಿ ಒಳಗೆ ಕಂದು, ಮೇಲೆ ಮಾತ್ರ ಕಪ್ಪು ಬಣ್ಣ ಕೊಟ್ಟ ಬಗೆಯೊಂದುಂಟು. ವರ್ಷಗಳು ಕಳೆದಂತೆ ಮೊಣಕೈಯ ಮಡಿಕೆಗಳಲ್ಲಿ ಕಪ್ಪು ಸವೆದು ಕಂದು ಇಣುಕುತ್ತದೆ. ಹೊಸತಾಗಿರುವಾಗಲೇ ಮುದಿತನವನ್ನು ಕೊಳ್ಳುವ ಈ ಬಯಕೆ ವಿಚಿತ್ರವೇ ಸರಿ.

ತೊಗಲಿನ ಗುಣ ಪ್ರಾಣಿಯಿಂದ ಅರ್ಧ ಬಂದರೆ ಹದದಿಂದ ಅರ್ಧ ಬರುತ್ತದೆ. ಮರದ ತೊಗಟೆ ಕಾಯಿಗಳ ಒಗರಿನಲ್ಲಿ ವಾರಗಟ್ಟಲೆ ನೆನೆಯಿಸುವುದು ಹಳೆಯ ಕ್ರಮ. ನಮ್ಮ ದಕ್ಷಿಣ ದೇಶದಲ್ಲಿಯೂ ತಂಗಡಿಯ ತೊಗಟೆ, ಅಳಲೆಕಾಯಿಗಳು ಈ ಕೆಲಸಕ್ಕೆ ಬಂದಿವೆ. 1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಸ್ ಕ್ರೋಮ್ ಲವಣಗಳಿಂದ ಹದಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದ ಮೇಲೆ ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಒಗರಿನ ಹದದ ಚರ್ಮ ಬಿರುಸು, ಸಾವಕಾಶವಾಗಿ ಮೈಗೆ ಒಗ್ಗುತ್ತದೆ. ಕ್ರೋಮಿನದು ಮೃದು, ನೀರಿಗೆ ಅಷ್ಟಾಗಿ ಅಂಜದು.

ಪ್ರಾಣಿಗಳಲ್ಲಿ ಆಡಿನ ಚರ್ಮ ತೆಳುವಾದರೂ ಗಟ್ಟಿ. ಪಂದ್ಯದ ಸವಾರರು ಬಯಸುವುದು ಆಸ್ಟ್ರೇಲಿಯದ ಕಾಂಗರೂ ಚರ್ಮವನ್ನು: ಅದರ ನಾರುಗಳು ಮೈಗೆ ಸಮಾನಾಂತರವಾಗಿ ಒಂದೇ ಸಮನೆ ಹಬ್ಬಿರುವುದರಿಂದ, ದನದ ಚರ್ಮ 1.2ರಿಂದ 1.4 ಮಿಲಿಮೀಟರು ಇರಬೇಕಾದ ಕಡೆ ಇದು ಒಂದು ಮಿಲಿಮೀಟರಿನಷ್ಟಿದ್ದರೂ ನಡೆಯುತ್ತದೆ. ಕುರಿಯ ಚರ್ಮವೋ, ಮುಟ್ಟಿದರೆ ಬೆಣ್ಣೆ. ಆದರೆ ಅದರ ಮೇಲ್ಪದರಕ್ಕೂ ಕೆಳಪದರಕ್ಕೂ ನಡುವೆ ಕೊಬ್ಬಿನ ಅಂಶವಿದ್ದು, ಉಜ್ಜಿದಾಗ ಪದರಗಳು ಬಿಟ್ಟುಕೊಳ್ಳುತ್ತವೆ. ಅಂಗಡಿಯಲ್ಲಿ ತೂಗುಹಾಕಿದಾಗ ಎರಡೂ ಒಂದೇ ಕಪ್ಪು, ಒಂದೇ ಹೊಳಪು. ಡಾಮರು ರಸ್ತೆ ಮಾತ್ರ ಆ ಭೇದವನ್ನು ಕ್ಷಣದಲ್ಲಿ ಕಂಡುಹಿಡಿಯುತ್ತದೆ.

ಆ ರಸ್ತೆಯನ್ನು ಚೆನ್ನಾಗಿ ಅರಿತಿದ್ದವನು ಆರಿಗನ್ ಪ್ರಾಂತದ ಪೋರ್ಟ್‌ಲ್ಯಾಂಡ್ ನಗರದ ರಾಸ್ ಲ್ಯಾಂಗ್ಲಿಟ್ಜ್. 17ನೆಯ ವಯಸ್ಸಿನಲ್ಲಿ ಮೋಟಾರು ಸೈಕಲ್ ಅಪಘಾತದಲ್ಲಿ ಅವನು ಒಂದು ಕಾಲನ್ನು ಕಳೆದುಕೊಂಡ. ಆದರೂ ಸವಾರಿ ಬಿಡಲಿಲ್ಲ. ಕೈಗವಸಿನ ಕಾರ್ಖಾನೆಯಲ್ಲಿ ಚರ್ಮದ ಕೆಲಸ ಕಲಿತು, ತನಗಾಗಿ ಒಂದು ಅಂಗಿ ಹೊಲಿದುಕೊಂಡ. ಅದನ್ನು ಕಂಡ ಗೆಳೆಯರು ತಮಗೂ ಬೇಕೆಂದರು. 1947ರಲ್ಲಿ ಆರಂಭವಾದ ಆ ಅಂಗಡಿ, ಗಿರಾಕಿಯ ಮೈಯಳತೆ ತೆಗೆದು ಹೊಲಿಯುವುದಕ್ಕೆ ಹೆಸರಾಯಿತು.

ಅಳತೆಯೆಂದರೆ ಮದುವೆಯ ಕೋಟಿನ ಅಳತೆಯಲ್ಲ. ದರ್ಜಿಯ ಮುಂದೆ ನೆಟ್ಟಗೆ ನಿಂತವನಿಗೆ ಒಪ್ಪುವ ಅಂಗಿ, ಅವನು ಹಿಡಿಗಳತ್ತ ಕೈಚಾಚಿದೊಡನೆ ಬೆನ್ನ ಮೇಲೆ ಏರಿ ಸೊಂಟವನ್ನು ಬಯಲುಮಾಡುತ್ತದೆ. ತೋಳು ಮಣಿಕಟ್ಟಿನಿಂದ ಹಿಂದೆ ಸರಿಯುತ್ತದೆ. ಆದುದರಿಂದ ಸವಾರನನ್ನು ಕುಳಿತ ಭಂಗಿಯಲ್ಲಿಯೂ ಅಳೆಯಬೇಕು. ಬೆನ್ನು ಉದ್ದ, ಮುಂಭಾಗ ಗಿಡ್ಡ, ತೋಳು ತುಸು ಹೆಚ್ಚು, ಕಂಕುಳ ಕೊರೆತ ಮುಂದಕ್ಕೆ, ಭುಜದ ಹಿಂದೆ ಬಿಚ್ಚಿಕೊಳ್ಳುವ ನೆರಿಗೆ. ನಿಂತಾಗ ಇಂಥ ಅಂಗಿ ಕೊಂಚ ಅಂದಗೆಟ್ಟೇ ಕಾಣುತ್ತದೆ. ಕನ್ನಡಿಯ ಮುಂದೆ ಮಾತ್ರ ತೊಡುವವನು ದೂರು ಹೇಳುವುದೂ ಇಲ್ಲಿಯೇ.

ಇನ್ನೊಂದು ಕಷ್ಟವೆಂದರೆ, ಬಟ್ಟೆಯಲ್ಲಿ ತಪ್ಪಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬಹುದು. ಚರ್ಮದಲ್ಲಿ ಸೂಜಿಯ ತೂತು ಒಮ್ಮೆ ಬಿದ್ದರೆ ಬಿದ್ದಂತೆಯೇ. ಎಚ್ಚರವುಳ್ಳ ಕುಶಲಿಗಳು ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ತೊಡಿಸಿ ನೋಡುವುದು ಇದಕ್ಕಾಗಿ. ಆಮೇಲೆ ತೊಗಲನ್ನು ಹರವಿ, ಮುಳ್ಳುತಂತಿಯ ಗೀರು, ಹುಳು ಕಚ್ಚಿದ ಕಲೆಗಳನ್ನು ಗುರುತುಮಾಡಿಕೊಳ್ಳುತ್ತಾರೆ. ಬೆನ್ನೆಲುಬಿನ ಎರಡು ಮಗ್ಗುಲಿನ ಭಾಗ ಗಟ್ಟಿ. ಅದು ಅಂಗಿಯ ಬೆನ್ನಿಗೆ, ಮೊಣಕೈಗೆ. ಹೊಟ್ಟೆಯ ಕಡೆಯದು ಸಡಿಲ, ಹಿಗ್ಗುವಂಥದು. ಅದನ್ನು ಬಳಸಿದರೂ ತೋಳಿನ ಒಳಮೈಯಂಥ ಎಡೆಗೆ. ಕುದುರೆಯ ತೊಗಲಿನಲ್ಲಿ ಅಂಗಿಗೆ ಒದಗುವುದು ಮುಖ್ಯವಾಗಿ ಮುಂಭಾಗ. ಅದರ ಹರವು ಕಡಿಮೆಯಾದುದರಿಂದ ಕತ್ತರಿಸುವವನ ಲೆಕ್ಕಾಚಾರ ಇನ್ನೂ ಬಿಗಿ.

ಇಷ್ಟೆಲ್ಲ ಶ್ರಮದ ಫಲವನ್ನು ಪರೀಕ್ಷಿಸುವ ಬಗೆಯೂ ಇದೆ. ಐರೋಪ್ಯ ದೇಶಗಳು 2020ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ಉಡುಪಿನ ತುಣುಕನ್ನು ಯಂತ್ರಕ್ಕೆ ಸಿಕ್ಕಿಸಿ, ತಿರುಗುವ ವೇಗದಲ್ಲಿಯೇ ಕಾಂಕ್ರೀಟಿನ ಮೇಲೆ ಬೀಳಿಸಿ ಉಜ್ಜುತ್ತಾರೆ. ಭುಜ ಮೊಣಕೈಗಳಂತಹ ಎಡೆಗಳಿಗೆ ಉತ್ತಮೋತ್ತಮ ಶ್ರೇಣಿಯಲ್ಲಿ ಗಂಟೆಗೆ 120 ಕಿಲೋಮೀಟರಿನ ವೇಗಕ್ಕೆ ಸಮನಾದ ಪರೀಕ್ಷೆ. ಅದಕ್ಕಿಂತ ಕೆಳಗಿನದು 70, ಅದರ ಕೆಳಗಿನದು 45. ತುಣುಕಿನಲ್ಲಿ ತೂತು ಬಿದ್ದರೆ ಶ್ರೇಣಿ ಇಲ್ಲ. ಮಗನಿಗೆ ಮೋಟಾರು ಸೈಕಲ್ ಕೊಡಿಸಿದ ತಂದೆತಾಯಿ ಅಂಗಿಯನ್ನೂ ಕೊಡಿಸುವುದಾದರೆ, ಬಣ್ಣಕ್ಕಿಂತ ಮೊದಲು ಒಳಗಿನ ಚೀಟಿಯಲ್ಲಿ ಈ ಶ್ರೇಣಿಯನ್ನು ನೋಡುವುದು ಲೇಸು. ಭುಜಕ್ಕೂ ಮೊಣಕೈಗೂ ಇಡುವ ದಪ್ಪ ಮೆತ್ತೆಗಳು ತೋಳು ತಿರುವಿದಾಗ ಜಾಗ ಬಿಟ್ಟು ಕದಲುತ್ತವೆಯೇ ಎಂದು ತೊಡಿಸಿ ನೋಡಬೇಕು.

ಕೊಳ್ಳುವವರು ತೊಗಲಿನ ದಪ್ಪವನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಅನುಭವಿಗಳ ಕಣ್ಣು ಹೋಗುವುದು ಹೊಲಿಗೆಯ ಕಡೆಗೆ. ಎಷ್ಟೋ ವೇಳೆ ಬಿದ್ದಾಗ ಚರ್ಮ ತಡೆದುಕೊಂಡು, ದಾರ ಕಿತ್ತು, ಅಂಗಿ ಸೀಮೆಯುದ್ದಕ್ಕೂ ಬಾಯ್ಬಿಡುತ್ತದೆ. ಬಲವಾದ ದಾರದಲ್ಲಿ ಎರಡು ಸಾಲು ಹಾಕಿ, ಒಂದು ಸಾಲನ್ನು ಮಡಿಕೆಯೊಳಗೆ ಮರೆಮಾಡಿದರೆ ಹೊರಗಿನದು ಸವೆದರೂ ಒಳಗಿನದು ಹಿಡಿದಿರುತ್ತದೆ. ಒಮ್ಮೆ ನೆಲಕ್ಕೆ ಉಜ್ಜಿದ ಅಂಗಿಗೆ ಬಣ್ಣ ಬಳಿದು ಗೀರು ಮುಚ್ಚುವುದು ಸುಲಭ. ಮತ್ತೆ ತೊಟ್ಟು ಹೊರಡುವ ಮುನ್ನ ಅದರ ಅಸ್ತರಿಯನ್ನು ಬಿಚ್ಚಿಸಿ, ಭುಜದ ಮತ್ತು ತೋಳಿನ ದಾರವನ್ನು ಒಳಗಿನಿಂದ ನೋಡಿಸಬೇಕು.