‘ನಾಯಿ ತಾನೇ’ ಎನ್ನುವ ಮುನ್ನ

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿ ಇಂದು ನಾಯಿಯೋ ಬೆಕ್ಕೋ ಮನೆಯ ಮಗುವಿನಂತೆಯೇ ಬೆಳೆಯುತ್ತಿದೆ. ಅಜ್ಜ-ಅಜ್ಜಿಯರು ಸಾವಿರಾರು ಮೈಲಿ ದೂರವಿರುವಾಗ, ಶಾಲೆಯಿಂದ ಬಂದ ಮಗುವನ್ನು ಬಾಗಿಲಲ್ಲೇ ಎದುರುಗೊಳ್ಳುವ ಜೀವ ಎಷ್ಟೋ ಮನೆಗಳಲ್ಲಿ ಅದೊಂದೇ. ಆ ಜೀವ ಹಠಾತ್ತನೆ ಇಲ್ಲವಾದಾಗ ನಮ್ಮವರು ಹೇಳುವ ಸಾಂತ್ವನವೆಂದರೆ, “ಹೋಗಲಿ ಬಿಡಿ, ನಾಯಿ ತಾನೇ, ಇನ್ನೊಂದನ್ನು ತಂದರಾಯಿತು.” ಸದುದ್ದೇಶದ ಮಾತೇ ಹೌದು. ಆದರೆ ಅದನ್ನು ಕೇಳಿದವರು ಮುಂದೆ ತಮ್ಮ ದುಃಖವನ್ನು ಯಾರಲ್ಲಿಯೂ ಹೇಳಿಕೊಳ್ಳಲಾರರು.

ಪ್ರಾಣಿಗಾಗಿ ಅಳುವುದು ಪಾಶ್ಚಾತ್ಯರ ಅತಿರೇಕವೆಂದು ಭಾವಿಸುವವರಿಗೆ ನಾವು ಆತಕೂರಿನ ಶಾಸನವನ್ನು ನೆನಪಿಸಬಯಸುತ್ತೇವೆ. ಮಂಡ್ಯ ಜಿಲ್ಲೆಯಲ್ಲಿ ದೊರೆತ ಈ ಕಲ್ಲು ಕ್ರಿ.ಶ. 949–50ರ ಕಾಲದ್ದು. ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನು ತನ್ನ ಒಡೆಯನಿಂದ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಕಾಡುಹಂದಿಯೊಡನೆ ಹೋರಾಡಿ ಮಡಿದಾಗ ಆತ ಅದಕ್ಕಾಗಿ ವೀರಗಲ್ಲು ನಿಲ್ಲಿಸಿದ. ಅದರ ಪೂಜೆಗೆ ಭೂಮಿಯನ್ನೂ ಬಿಡಲಾಯಿತು. ಸಾವಿರ ವರ್ಷಗಳ ಹಿಂದೆ ಕನ್ನಡಿಗನೊಬ್ಬ ತನ್ನ ನಾಯಿಗಾಗಿ ಬಹಿರಂಗವಾಗಿ ಶೋಕಿಸಲು ನಾಚಲಿಲ್ಲ.

ಸಮಾಜವು ಮಾನ್ಯ ಮಾಡದ ಇಂತಹ ಶೋಕಕ್ಕೆ ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಪ್ರತ್ಯೇಕ ಹೆಸರನ್ನೇ ಕೊಟ್ಟರು. ಸಾವು ಹಠಾತ್ತಾದರೆ ಶೋಕದ ಜೊತೆಗೆ ಅಪರಾಧಿ ಭಾವವೂ ಸೇರಿಕೊಳ್ಳುತ್ತದೆ: “ನಾವೇಕೆ ಮೊದಲೇ ಗಮನಿಸಲಿಲ್ಲ?” ನಾಯಿಯ ಗುಲ್ಮದಲ್ಲಿ ಬೆಳೆದ ಗಡ್ಡೆ ಒಡೆದು ರಕ್ತಸ್ರಾವವಾಗುವವರೆಗೆ ಯಾವ ಸೂಚನೆಯನ್ನೂ ಕೊಡದಿರಬಹುದು. ಬೆಕ್ಕಿನ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಯೂ ಹಾಗೆಯೇ. ಹಿಂದಿನ ದಿನದವರೆಗೆ ಅದು ಆಡಿಕೊಂಡೇ ಇರಬಹುದು. ಕಾರಣವನ್ನು ಪಶುವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ. ಉತ್ತರ ದೊರೆತರೆ ಎಷ್ಟೋ ಮನಸ್ಸುಗಳ ಭಾರ ಇಳಿಯುತ್ತದೆ.

ಮಕ್ಕಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತವಾದದ್ದು: ಸುಳ್ಳು ಬೇಡ. “ಅದು ಮಲಗಿದೆ” ಎಂದರೆ ಎಳೆಯ ಮಗು ತಾನು ಮಲಗಲು ಹೆದರಬಹುದು. “ಎಲ್ಲಿಗೋ ಹೋಗಿದೆ” ಎಂದರೆ ದಿನವೂ ಕಿಟಕಿಯ ಬಳಿ ಕಾಯಬಹುದು. “ಸತ್ತುಹೋಯಿತು, ಅದರ ದೇಹ ಕೆಲಸ ಮಾಡುವುದನ್ನು ನಿಲ್ಲಿಸಿತು, ಇನ್ನು ಅದು ಮರಳುವುದಿಲ್ಲ, ನಿನ್ನಿಂದೇನೂ ತಪ್ಪಾಗಿಲ್ಲ” ಎಂದು ಸರಳವಾಗಿ ಹೇಳಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಸಾವು ಶಾಶ್ವತವೆಂಬುದು ಅರಿವಾಗುವುದು ಕಷ್ಟ. ಅದೇ ಪ್ರಶ್ನೆಯನ್ನು ಹತ್ತು ಬಾರಿ ಕೇಳಿದರೂ ಅದೇ ಉತ್ತರವನ್ನು ತಾಳ್ಮೆಯಿಂದ ಕೊಡಬೇಕು. ದೊಡ್ಡವರು ಅವರೆದುರು ಅತ್ತರೆ ಅನಾಹುತವೇನೂ ಇಲ್ಲ.

ಬೀಳ್ಕೊಡುಗೆಯೂ ಅಗತ್ಯ. ಇಂಗ್ಲೆಂಡಿನಲ್ಲಿ ಸ್ವಂತ ಮನೆಯ ಹಿತ್ತಲಲ್ಲಿ ಹೂಳಲು ಅವಕಾಶವಿದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬೇಕು. ದಹನ ಮಾಡಿಸುವವರು ಬೂದಿ ಬೇಕಿದ್ದರೆ ಪ್ರತ್ಯೇಕ ದಹನವನ್ನೇ ಕೇಳಬೇಕು. ಸಾಮೂಹಿಕ ದಹನದಲ್ಲಿ ಅದು ಮರಳಿ ಸಿಗದು. ಒಂದು ದೀಪ, ಒಂದು ಹೂವು, ಮಗು ಬರೆದ ಒಂದು ಚಿತ್ರ ಇದ್ದರೆ ಸಾಕು. ಹೊಸ ಪ್ರಾಣಿಯನ್ನು ತರಲು ಅವಸರ ಬೇಡ. ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೆ ಬೆಳಗಿನ ನಡಿಗೆಯೂ ನಾಯಿಯೊಂದಿಗೇ ನಿಂತುಹೋಗುತ್ತದೆ. ಕೆಲವು ವಾರ ಅವರೊಡನೆ ನಡೆಯಲು ಯಾರಾದರೂ ಹೋಗಬೇಕು.

ಬ್ಲೂ ಕ್ರಾಸ್ ಸಂಸ್ಥೆ ಸಾಕುಪ್ರಾಣಿಗಳನ್ನು ಕಳೆದುಕೊಂಡವರಿಗೆಂದೇ ಉಚಿತ ನೆರವು ನೀಡುತ್ತದೆ. ವಾರಗಳು ಕಳೆದರೂ ನಿದ್ರೆ, ಹಸಿವು, ಕೆಲಸ ದಾರಿಗೆ ಬಾರದಿದ್ದರೆ ನಿಮ್ಮ ಜಿ.ಪಿ.ಯನ್ನು ಕಾಣಿರಿ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. ಸಮಾರಿಟನ್ಸ್ ಸಂಸ್ಥೆಯ 116 123 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಮನುಷ್ಯರು ತೀರಿಕೊಂಡಾಗ ನಮ್ಮ ಬಳಗವು ಅಡುಗೆ ಮಾಡಿ ಕೊಂಡೊಯ್ಯುತ್ತದೆ, ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ. ಸಾಕುಪ್ರಾಣಿ ಸತ್ತ ಮನೆಗೂ ಒಂದು ಡಬ್ಬಿ ಚಿತ್ರಾನ್ನ ತಲುಪಲಿ. “ಅದರ ಹೆಸರೇನಿತ್ತು? ಹೇಗಿತ್ತು?” ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕುಳಿತಿರಿ.