ಕಾರ್ಖಾನೆ ಬಂತು, ಕನ್ನಡ ಶಾಲೆ ಯಾಕೆ ಬೇಕು ಅನ್ನೋರಿಗೆ...

ಪಾಲಕರ ಸಭೆಯಲ್ಲಿ ಪ್ರತಿ ವರ್ಷ ಅದೇ ಪ್ರಶ್ನೆ. "ಸರ್, ಕನ್ನಡದಾಗ ಕಲ್ತ್ರ ನೌಕರಿ ಸಿಗ್ತದೇನ್ರಿ?" ಆರ್ಥಿಕ ಸುಧಾರಣೆ, ಜಾಗತೀಕರಣ ಬಂದ ಮೇಲೆ ಇನ್ನೆಲ್ಲಿಯ ಕನ್ನಡ ಅನ್ನೋದು ಅವರ ವಾದ. ನನ್ನದು ಉಲ್ಟಾ. ಸುಧಾರಣೆ ಬಂದಿರೋದಕ್ಕೇ ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಗಟ್ಟಿ ಶಾಲೆ ಬೇಕು.

ಚೀನಾ 1978ರಲ್ಲಿ, ವಿಯೆಟ್ನಾಂ 1986ರಲ್ಲಿ, ನಾವು 1991ರಲ್ಲಿ ಸುಧಾರಣೆಗೆ ಕೈ ಹಾಕಿದೆವು. 1990ರ ಹೊತ್ತಿಗೆ ಚೀನಾದ ತಲಾ ಆದಾಯ ನಮ್ಮದಕ್ಕಿಂತ ಹೆಚ್ಚೇನೂ ಇರಲಿಲ್ಲ. ಈಗ ನಮ್ಮ ಐದು ಪಟ್ಟಿನ ಹತ್ತಿರ. ವಿಯೆಟ್ನಾಂ ಕೂಡ ನಮ್ಮನ್ನು ದಾಟಿ ಹೋಯಿತು. ಬರೀ ಮೊದಲು ಶುರು ಮಾಡಿದ್ದಕ್ಕಾ? ಅಷ್ಟೇ ಅಲ್ಲ. 1991ರ ಜನಗಣತಿಯಲ್ಲಿ ನಮ್ಮ ಸಾಕ್ಷರತೆ ಶೇ. 52. ಚೀನಾದಲ್ಲಿ ಆಗಲೇ ವಯಸ್ಕರಲ್ಲಿ ನಾಲ್ವರಿಗೆ ಮೂವರು ಓದುಬಲ್ಲವರು. ಶಾಲೆ, ಆಸ್ಪತ್ರೆ ಇಲ್ಲದೆ ಮಾರುಕಟ್ಟೆ ಒಂದರಿಂದಲೇ ಎಲ್ಲರ ಏಳಿಗೆ ಆಗದು ಅಂತ ಅಮರ್ತ್ಯ ಸೇನ್ ಹೇಳುತ್ತಲೇ ಬಂದರು. ಇನ್ನೊಂದು ಮಾತು, ಆ ದೇಶಗಳ ಮಕ್ಕಳು ಕಲಿತದ್ದು ಇಂಗ್ಲಿಷಿನಲ್ಲಿ ಅಲ್ಲ!

ಈಗ ನಮ್ಮ ಊರಿಗೆ ಬನ್ನಿ. ಜಹೀರಾಬಾದ್, ನಾರಾಯಣಖೇಡ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದಲ್ಲಿತ್ತು. ಗೆರೆ ಎಳೆದರು, ನಾವು ಆಚೆ ಉಳಿದೆವು. ಜಹೀರಾಬಾದಿಗೆ ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆ ಬಂತು. ನ್ಯಾಲ್ಕಲ್, ಝರಾಸಂಗಂ ಮಂಡಲಗಳ ಹೊಲಗಳಿಗೆ ನಿಮ್ಜ್ ಯೋಜನೆ ಬಂತು. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಇಲ್ಲಿ ಕೈಗಾರಿಕಾ ಸ್ಮಾರ್ಟ್ ಸಿಟಿಗೂ ಒಪ್ಪಿಗೆ ಕೊಟ್ಟಿತು. ಸಂತೋಷ. ಆದರೆ ಹೊಲ ಬಿಟ್ಟುಕೊಟ್ಟ ರೈತನ ಮಗ ಆ ಗೇಟಿನೊಳಗೆ ಏನಾಗಿ ಹೋಗ್ತಾನೆ? ಡ್ರಾಯಿಂಗ್ ಓದಬಲ್ಲ ಫಿಟ್ಟರ್ ಆಗಿಯೋ, ಗುತ್ತಿಗೆದಾರನ ಕೂಲಿ ಆಗಿಯೋ? ಅದು ಅರ್ಧಕ್ಕರ್ಧ ತೀರ್ಮಾನ ಆಗೋದು ಏಳನೇ ತರಗತಿಯ ಗಣಿತದ ಪೀರಿಯಡ್ಡಿನಲ್ಲಿ. ಭಿನ್ನರಾಶಿ ತಿಳಿಯದೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದವನಿಗೆ ಇಂಗ್ಲಿಷೂ ಇಲ್ಲ, ಗಣಿತವೂ ಇಲ್ಲ.

ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ. ಒಂದು ವಿಷಯವಾಗಿ ಚೆನ್ನಾಗಿ ಕಲಿಸೋಣ. ತೆಲುಗೂ ಕಲಿಯಲಿ, ಈ ನಾಡಿನಲ್ಲಿ ಬದುಕಬೇಕಲ್ಲ. ಆದರೆ ಬುನಾದಿ ಮನೆಮಾತಿನಲ್ಲಿ ಇರಲಿ.

ಹೈದರಾಬಾದಿನ ಸರ್ಕಾರಕ್ಕೆ ನನ್ನ ಮಾತಿಷ್ಟೆ. ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಮಾಡಿ ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸಂವಿಧಾನಕ್ಕೆ ಸೇರಿದ್ದೂ ಗಡಿಗೆರೆ ಎಳೆದ ಅದೇ 1956ರಲ್ಲಿ. ಅಂದರೆ ನಾವು ಕೇಳ್ತಿರೋದು ದಯೆ ಅಲ್ಲ. ಕನ್ನಡ ಮೇಷ್ಟ್ರ ಹುದ್ದೆ ತುಂಬಿ, ಪುಸ್ತಕ ಜೂನಿನಲ್ಲೇ ಕೊಡಿ.

ಬೆಂಗಳೂರಿಗೂ ಒಂದು ಮಾತಿದೆ. 2013ರಲ್ಲಿ ಜಾರಿಗೆ ಬಂದ 371ಜೆ ಇಂದ ಬೀದರದ ನಮ್ಮ ನೆಂಟರ ಮಕ್ಕಳಿಗೆ ಮೀಸಲಾತಿ ಸಿಕ್ಕಿತು, ಒಳ್ಳೇದಾಯ್ತು. ಅದೇ ನಿಜಾಮನ ರಾಜ್ಯದ ಹಿಂದುಳಿದ ನೆಲ ನಮ್ಮದೂ ಅಲ್ಲವೇ? ನವೆಂಬರಿನಲ್ಲಿ ಬಂದು ಶಾಲು ಹೊದಿಸಿ ಹೋದರೆ ಮುಗೀತೇ?

ಪಾಲಕರೇ, ಕಾರ್ಖಾನೆಯ ಗೇಟು ಸರ್ಕಾರ ತೆರೆಯುತ್ತೆ. ಒಳಗೆ ಹೋಗೋ ಶಕ್ತಿ ಕೊಡೋದು ಶಾಲೆ. ಅದನ್ನು ನಾವೇ ಮುಚ್ಚಿಕೊಂಡರೆ ಆಮೇಲೆ ಯಾರನ್ನ ಬೈಯೋಣ?